ಚೀನಾದ ಪ್ರಾಚೀನ ಚಿನ್ನದ ಕೇಶಾಭರಣ: ಯಾವುದು ಯಾವುದು, ಮುಡಿಯಲ್ಲಿ ನಿಲ್ಲುತ್ತಿದ್ದುದು ಹೇಗೆ?

ಪ್ರಶ್ನೆ: ರೇಖೆಬಣ್ಣ

ಚೀನಾದ ಬೇರೆ ಬೇರೆ ರಾಜವಂಶಗಳ ಹೆಂಗಸರ ತಲೆ ಅಲಂಕಾರವನ್ನು ಚಿತ್ರದಲ್ಲಿ ತೋರಿಸಬೇಕಿದೆ. ಮ್ಯೂಸಿಯಂ ಫೋಟೋಗಳಿಗೇನೂ ಬರವಿಲ್ಲ. ಆದರೆ ಎಲ್ಲದರ ಕೆಳಗೂ ‘ಚಿನ್ನದ ಹೇರ್‌ಪಿನ್’ ಅಂತಷ್ಟೇ ಇರುತ್ತದೆ. ಒಡವೆಯನ್ನು ಬಟ್ಟೆಯ ಮೇಲೆ ಅಂಗಾತ ಮಲಗಿಸಿ ಮುಂಭಾಗದ ಫೋಟೋ ತೆಗೆದಿರುತ್ತಾರೆ. ತಲೆಯಲ್ಲಿ ಅದು ಎಲ್ಲಿ ಕೂರುತ್ತಿತ್ತು, ಯಾವ ಕೋನದಲ್ಲಿ ಚುಚ್ಚುತ್ತಿದ್ದರು ಎಂಬ ಸುಳಿವೇ ಸಿಗುವುದಿಲ್ಲ.

ಗೊತ್ತಾಗಬೇಕಾದದ್ದು ಇಷ್ಟು. ಬಗೆಗಳನ್ನು ಬೇರ್ಪಡಿಸುವುದು ಹೇಗೆ? ಅಷ್ಟು ದೊಡ್ಡ ಚಿನ್ನದ ಹಕ್ಕಿ, ಹೂವು ಜಾರದೆ ನಿಲ್ಲುತ್ತಿದ್ದುದು ಹೇಗೆ? ಮಿಂಗ್ ಕಾಲದ (1368–1644) ಒಡವೆಗಳಲ್ಲಿ ಕಾಣುವ ಜಾಲರಿಯಂಥ ತಂತಿ ಕೆಲಸವನ್ನು ಯಾವ ಕ್ರಮದಲ್ಲಿ ಮಾಡುತ್ತಿದ್ದರು? ಕೊನೆಯದು ಯಾಕೆಂದರೆ, ಕ್ರಮ ಗೊತ್ತಿಲ್ಲದೆ ಬರೆದ ತಂತಿ ಬರೀ ಗೀಚಿದ ಹಾಗೆ ಕಾಣುತ್ತದೆ.

ಉತ್ತರ 1: ಜೋಡಿಕಾಲು

ಹೂವು, ಹಕ್ಕಿ ಎಲ್ಲ ಆಮೇಲೆ. ಮೊದಲು ಕಾಲು ಎಣಿಸಿ.

ಒಂದೇ ಕಾಲಿದ್ದರೆ ಝಾನ್. ಇದರ ಹಳೆಯ ರೂಪಕ್ಕೆ ಜೀ ಎನ್ನುತ್ತಾರೆ. ಹೆಣ್ಣುಮಗಳಿಗೆ ಹದಿನೈದು ತುಂಬಿದಾಗ ಕೂದಲು ಕಟ್ಟಿ ಮುಡಿಸುವ ಶಾಸ್ತ್ರಕ್ಕೂ ಜೀ ಎಂಬುದೇ ಹೆಸರು. ಎರಡು ಕಾಲಿದ್ದರೆ ಛಾಯ್. ನಡೆದಾಗ ಅಲ್ಲಾಡುವ ಎಲೆ, ಮಣಿಸರ ಇದ್ದರೆ ಬೂಯಾವ್. ಅದಕ್ಕೆ ಒಂದು ಕಾಲಿರಬಹುದು, ಎರಡಿರಬಹುದು, ಕಾಲೇ ಇಲ್ಲದೆ ಟೋಪಿಗೆ ಹೊಲಿಯುವಂಥದ್ದೂ ಇರಬಹುದು. ಇವಲ್ಲದೆ ಬಾಚಣಿಗೆಗಳಿವೆ. ಮರದ್ದೋ ಕೊಂಬಿನದೋ ಆದ ಹಲ್ಲುಗಳು ಮಣ್ಣಿನಲ್ಲಿ ಕರಗಿಹೋಗಿ ಚಿನ್ನದ ಬೆನ್ನುಪಟ್ಟಿ ಮಾತ್ರ ಉಳಿದಿರುತ್ತದೆ. ಶಿಯಾನ್‌ನ ಹೆಜಿಯಾಚುನ್‌ನಲ್ಲಿ 1970ರಲ್ಲಿ ಸಿಕ್ಕ ಟಾಂಗ್ ಕಾಲದ (618–907) ನಿಧಿಯಲ್ಲಿ ಅಂಥದೊಂದು ಬೆನ್ನಿದೆ. ಅರ್ಧಚಂದ್ರದಂತೆ ಬಾಗಿದ, ಕೆಳಗಡೆ ಸೀಳು ಇರುವ ಚಿನ್ನದ ತುಂಡು ಕಂಡರೆ ಅದನ್ನು ಹಣೆಪಟ್ಟಿ ಅಂತ ಬರೆದುಬಿಡಬೇಡಿ. ಆ ಸೀಳು ಬಾಚಣಿಗೆಯನ್ನು ಸಿಕ್ಕಿಸುವ ಜಾಗ.

ನಿಲ್ಲುವ ವಿಷಯ. ಒಂಟಿ ಕಾಲಿನ ದೊಡ್ಡ ತೊಂದರೆ ಜಾರುವುದಲ್ಲ, ತಿರುಗುವುದು. ತುರುಬು ಬಿಗಿಯಾಗಿದ್ದರೆ ಕಡ್ಡಿ ಹೊರಗೆ ಬರುವುದಿಲ್ಲ, ಆದರೆ ತಲೆಭಾಗ ಒಂದು ಕಡೆಗೆ ಭಾರವಾಗಿದ್ದರೆ ಕಡ್ಡಿ ತನ್ನಷ್ಟಕ್ಕೆ ಸುತ್ತಿ, ಹಕ್ಕಿ ತಲೆಕೆಳಗಾಗುತ್ತದೆ. ಅದಕ್ಕೇ ಭಾರದ ಝಾನ್‌ಗಳ ಕಾಲು ದುಂಡಗಿರದೆ ಚಪ್ಪಟೆಯಾಗಿರುತ್ತದೆ. ಎರಡು ಕಾಲಿನ ಛಾಯ್‌ಗೆ ಈ ಕಾಟವಿಲ್ಲ. ಕಾಲುಗಳ ನಡುವೆ ಕೂದಲು ಸಿಕ್ಕಿಕೊಂಡು ತಿರುಗಲು ಬಿಡುವುದಿಲ್ಲ.

ಅಪ್ಪಟ ಚಿನ್ನಕ್ಕೆ ಸ್ಪ್ರಿಂಗ್ ಗುಣವಿಲ್ಲ. ಒಮ್ಮೆ ಬಾಗಿದರೆ ಬಾಗಿದ್ದೇ. ಮಿಂಗ್ ಕಾಲದಲ್ಲಿ ಚಿನ್ನದ ತಲೆಗೆ ಬೆಳ್ಳಿಯ ಕಾಲು ಕೂಡಿಸುವುದು ಸಾಮಾನ್ಯವಾಗಿತ್ತು. ಚಿನ್ನ ಉಳಿಯಿತು, ಕಾಲೂ ಗಟ್ಟಿಯಾಯಿತು. ಬೆಳ್ಳಿ ಕಾಲು ಮಣ್ಣಿನಲ್ಲಿ ಕಪ್ಪಾಗಿ, ಕೆಲವೊಮ್ಮೆ ಪೂರ್ತಿ ತಿಂದುಹೋಗಿರುತ್ತದೆ. ಮ್ಯೂಸಿಯಂನಲ್ಲಿ ಕಾಲಿಲ್ಲದ ಚಿನ್ನದ ಹೂವು ಕಂಡರೆ ಮೊದಲು ಯೋಚಿಸಬೇಕಾದದ್ದು ಇದನ್ನೇ.

ಕಾಲಕ್ರಮಕ್ಕೆ ಕೆಲವು ಗುರುತು. ಬೀಜಿಂಗ್‌ನ ಪಿಂಗ್‌ಗು ಪ್ರದೇಶದ ಲಿಯುಜಿಯಾಹೆಯಲ್ಲಿ 1977ರಲ್ಲಿ ಸಿಕ್ಕ ಶಾಂಗ್ ಕಾಲದ (ಸುಮಾರು ಕ್ರಿ.ಪೂ. 1600–1046) ಚಿನ್ನದ ಜೀ 27.7 ಸೆಂ.ಮೀ. ಉದ್ದ, 108.7 ಗ್ರಾಂ ತೂಕ. ಎರಕದ್ದು. ಒಂದು ಮೈ ನುಣುಪು, ಇನ್ನೊಂದರಲ್ಲಿ ಉದ್ದಕ್ಕೆ ಏಣು. ತುದಿಯಲ್ಲಿ 0.4 ಸೆಂ.ಮೀ.ನಷ್ಟು ಪುಟ್ಟ ಚಾಚು ಇದೆ, ಅಂದರೆ ಅದಕ್ಕೆ ಇನ್ನೇನೋ ಕೂಡಿಸುತ್ತಿದ್ದಿರಬೇಕು. ಚಿತ್ರ ಏನೂ ಇಲ್ಲ, ಬರೀ ಲೋಹ. ಟಾಂಗ್ ಕಾಲಕ್ಕೆ ಬಂದರೆ ಚೌರಿ ಸೇರಿಸಿ ಎತ್ತರಕ್ಕೆ ಕಟ್ಟಿದ ಮುಡಿ, ಅದಕ್ಕೆ 30 ಸೆಂ.ಮೀ. ಮೀರಿದ ಛಾಯ್‌ಗಳು, ಅದೂ ಕನ್ನಡಿ ಬಿಂಬದ ಹಾಗೆ ಎಡ-ಬಲ ಜೋಡಿ. ಒಂದರಲ್ಲಿ ಹಕ್ಕಿ ಬಲಕ್ಕೆ ನೋಡಿದರೆ ಜೊತೆಯದರಲ್ಲಿ ಎಡಕ್ಕೆ. ಹಾಗಾಗಿ ಒಂದೇ ಛಾಯ್‌ನ ಫೋಟೋ ಸಿಕ್ಕರೆ ಅದನ್ನು ತಿರುಗಿಸಿ ಇನ್ನೊಂದು ಬದಿಗೂ ಬರೆಯಿರಿ. ಆಗ ಅವು ಎಷ್ಟು ಬಳಕೆಯಲ್ಲಿದ್ದವು ಅನ್ನುವುದಕ್ಕೆ ಜಿಯಾಂಗ್ಸುವಿನ ಡಿಂಗ್‌ಮಾವ್‌ಛ್ಯಾವ್ ನಿಧಿ ಸಾಕು: 1982ರಲ್ಲಿ ತೆಗೆದ ಆ ಒಂದೇ ರಾಶಿಯಲ್ಲಿ ಬೆಳ್ಳಿಯ ಛಾಯ್‌ಗಳೇ 700ಕ್ಕೂ ಹೆಚ್ಚು.

ಸೋಂಗ್ ಕಾಲದವು (960–1279) ತೆಳು ಮತ್ತು ಹಗುರ. ಒಂದು ಸರಳನ್ನು ನಡುವೆ ಮಡಚಿದರೆ ಅದೇ ಛಾಯ್. ಇಲ್ಲವೆ ಹೂವು ಉಬ್ಬಿಸಿದ ತಗಡನ್ನು ಕೊಳವೆಯಾಗಿ ಸುತ್ತಿ, ಅಂಥ ಹಲವನ್ನು ಎರಡು ಕಾಲುಗಳ ಮೇಲೆ ಕಮಾನಿನ ಹಾಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಮಿಂಗ್‌ನದು ಬೇರೆಯೇ ಲೋಕ, ಅದನ್ನು ಆಮೇಲೆ ಬರೆಯುತ್ತೇನೆ.

ಉತ್ತರ 2: ಬೆಸುಗೆಪುಡಿ

ತಂತಿ ಕೆಲಸದ ಪ್ರಶ್ನೆಗೆ.

ಮೊದಲು ಒಂದು ಬರಹ. ಮಿಂಗ್ ರಾಜಕುಮಾರರ ಮನೆತನದ ಗೋರಿಗಳಲ್ಲಿ ಸಿಕ್ಕ ಫೀನಿಕ್ಸ್ ಕಡ್ಡಿಗಳ ಕಾಲಿನ ಮೇಲೆ ಅರಮನೆಯ ಬೆಳ್ಳಿ ಕೆಲಸದ ಕಚೇರಿಯಾದ ಯಿನ್‌ಜುವೊಜು ಕೊರೆಸಿದ ಸಾಲೊಂದಿದೆ: ಯೊಂಗ್ಲೆ ಚಕ್ರವರ್ತಿಯ ಆಳ್ವಿಕೆಯ 22ನೇ ವರ್ಷದ (1424) ಹತ್ತನೇ ತಿಂಗಳಲ್ಲಿ ಮಾಡಿದ್ದು, ಹತ್ತರಲ್ಲಿ ಒಂಬತ್ತು ಪಾಲು ಶುದ್ಧತೆಯ ಚಿನ್ನ ಎರಡು ಲಿಯಾಂಗ್, ಅದರ ಹೊರತಾಗಿ ಬೆಸುಗೆ ಎರಡು ಫೆನ್. ಲಿಯಾಂಗ್ ಅಂದರೆ ಸುಮಾರು 37 ಗ್ರಾಂ, ಫೆನ್ ಅದರ ನೂರನೇ ಒಂದು ಪಾಲು. ಸುಮಾರು 75 ಗ್ರಾಂ ಚಿನ್ನಕ್ಕೆ ಬೆಸುಗೆ ಮುಕ್ಕಾಲು ಗ್ರಾಂ, ಶೇ 1. ನೂರಾರು ಸಂದುಗಳಿರುವ ಹಕ್ಕಿಗೆ ಇಷ್ಟೇ! ಬೆಸುಗೆಯನ್ನು ಬೇರೆ ಲೆಕ್ಕ ಬರೆದದ್ದು ಕಳ್ಳತನ ತಡೆಯಲು ಇರಬಹುದು. ಕೆಲಸಗಾರನ ಕೈ ಎಷ್ಟು ಹತೋಟಿಯಲ್ಲಿತ್ತು ಅನ್ನುವುದನ್ನೂ ಅದೇ ಅಂಕಿ ಹೇಳುತ್ತದೆ.

ಇನ್ನು ಕ್ರಮ.

ಚಿನ್ನದ ಸರಳನ್ನು ತೂತುಪಟ್ಟಿಯ ದೊಡ್ಡ ತೂತಿನಿಂದ ಚಿಕ್ಕದಕ್ಕೆ ಒಂದೊಂದಾಗಿ ಎಳೆಯುತ್ತಾ ಬರಬೇಕು. ಎಳೆದಷ್ಟೂ ಲೋಹ ಬಿರುಸಾಗುತ್ತದೆ, ನಡುನಡುವೆ ಕಾಸಿ ಮೆದು ಮಾಡದಿದ್ದರೆ ತುಂಡಾಗುತ್ತದೆ. 0.2 ಮಿ.ಮೀ. ಆಸುಪಾಸಿಗೆ ಬಂದ ಎರಡು ಎಳೆಗಳನ್ನು ಹಲಗೆಗಳ ನಡುವೆ ಉಜ್ಜಿ ಹುರಿ ಮಾಡಿ, ಆಮೇಲೆ ಚಪ್ಪಟೆ ಮಾಡುತ್ತಾರೆ. ಆಗ ಅದರ ಅಂಚು ಸಣ್ಣ ಮಣಿಗಳ ಸಾಲಿನಂತೆ ಕಾಣುತ್ತದೆ. ನಿಮಗೆ ಮುಖ್ಯವಾದದ್ದು ಇದೇ. ಈ ಕೆಲಸದ ತಂತಿ ನುಣುಪಾದ ಗೆರೆ ಅಲ್ಲ, ಹಲ್ಲುಹಲ್ಲು ಗೆರೆ. ಹೊರಗಿನ ಚೌಕಟ್ಟಿಗೆ ಮಾತ್ರ ಹುರಿಯಿಲ್ಲದ, ಸ್ವಲ್ಪ ದಪ್ಪನೆಯ ತಂತಿ. ಒಳಗೆ ತುಂಬುವ ಸುರುಳಿಗಳೆಲ್ಲ ಹುರಿ ತಂತಿಯವು. ಚೌಕಟ್ಟು ಮೊದಲು ಬರೆದು, ಒಳಗಿನ ಸುರುಳಿ ಆಮೇಲೆ ತುಂಬಿಸಿ. ಅಕ್ಕಸಾಲಿಗನೂ ಹಾಗೇ ಮಾಡುತ್ತಿದ್ದದ್ದು.

ಸುರುಳಿಗಳನ್ನು ಚಿಮಟದಲ್ಲಿ ಬಾಗಿಸಿ ಜಾಗಕ್ಕೆ ಕೂರಿಸಲು ಬೈಜಿ ಎಂಬ ಆರ್ಕಿಡ್ ಗೆಡ್ಡೆಯ ಪುಡಿ ಕಲಸಿದ ಅಂಟು ಹಚ್ಚುತ್ತಾರೆ. ಅಂಟು ಒಣಗಿದ ಮೇಲೆ ಬೆಸುಗೆ. ಅರದ ಪುಡಿಯಷ್ಟು ನುಣ್ಣಗಿನ ಬೆಸುಗೆ ಲೋಹಕ್ಕೆ ಬಿಳಿಗಾರ ಬೆರೆಸಿ ಮೇಲಿಂದ ಉದುರಿಸಿ, ಊದುಕೊಳವೆಯಿಂದ ಜ್ವಾಲೆ ಹಾಯಿಸುವುದು. ಅಪ್ಪಟ ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ಗೆ. ಬೆಳ್ಳಿ, ತಾಮ್ರ ಸೇರಿಸಿದ ಬೆಸುಗೆ ಅದಕ್ಕಿಂತ ಸಾಕಷ್ಟು ಕೆಳಗೇ ಕರಗುತ್ತದೆ. ಆ ಅಂತರದಲ್ಲೇ ಕೆಲಸ ಮುಗಿಯಬೇಕು.

ಕೆಡುವ ಬಗೆ ನಾಲ್ಕಾರು. ಅಂಟು ದಪ್ಪವಾದರೆ ಸುಟ್ಟು ಇದ್ದಿಲಾಗಿ ಉಳಿಯುತ್ತದೆ, ಅಲ್ಲಿ ಬೆಸುಗೆ ಹಿಡಿಯುವುದಿಲ್ಲ. ಬೆಸುಗೆ ಹೆಚ್ಚಾದರೆ ಹುರಿಯ ಹಲ್ಲುಗಳ ನಡುವೆ ಹರಿದು ತುಂಬಿಕೊಂಡು, ಇಡೀ ಸುರುಳಿ ತಗಡಿನ ಹಾಗೆ ಕಾಣುತ್ತದೆ. ಜ್ವಾಲೆ ಒಂದೇ ಕಡೆ ನಿಂತರೆ ದಪ್ಪನೆಯ ಚೌಕಟ್ಟು ಇನ್ನೂ ಕಾಯುವ ಮೊದಲೇ ತೆಳು ತಂತಿ ಮುದುಡಿ ಗುಂಡಾಗುತ್ತದೆ. ಹಾಗಾಗಿ ಮೊದಲು ದಪ್ಪ ಭಾಗ ಕಾಯಬೇಕು, ಕೊನೆಗೆ ತೆಳು. ಎರಡನೇ ಸಲ ಬೆಸೆಯುವಾಗ ಮೊದಲಿನ ಸಂದು ಬಿಚ್ಚಿಕೊಳ್ಳದಿರಲು ಮೊದಲು ಹೆಚ್ಚು ಶಾಖಕ್ಕೆ ಕರಗುವ ಬೆಸುಗೆ, ಆಮೇಲೆ ಕಡಿಮೆಯದು.

ಹಕ್ಕಿಯ ಮೈಯಂಥ ಟೊಳ್ಳು ಆಕಾರಕ್ಕೆ ಇದ್ದಿಲ ಪುಡಿಯನ್ನು ಅದೇ ಬೈಜಿ ಅಂಟಿನಲ್ಲಿ ಕಲಸಿ ಅಚ್ಚು ಮಾಡಿ, ಅದರ ಮೇಲೆ ತಂತಿ ಹೊದಿಸಿ ಬೆಸೆಯುತ್ತಾರೆ. ಕೊನೆಗೆ ಇದ್ದಿಲನ್ನು ಸುಟ್ಟು ತೆಗೆದರೆ ಒಳಗೆ ಗಾಳಿ ಮಾತ್ರ. ಈ ತಂತಿ ಕೆಲಸಕ್ಕೇ ಲೈಸಿ ಎನ್ನುತ್ತಾರೆ. ಅಚ್ಚು ಪೂರ್ತಿ ಒಣಗಿರದಿದ್ದರೆ ಒಳಗಿನ ಹಬೆ ತಂತಿಯನ್ನು ಎಬ್ಬಿಸಿಬಿಡುತ್ತದೆ. ತಗಡಿನ ಎರಡು ಅರ್ಧ ಸೇರಿಸಿದ ಟೊಳ್ಳು ಒಡವೆಗೂ ಇದೇ ಪಾಡು. ಗಾಳಿ ಹೋಗಲು ಪುಟ್ಟ ತೂತು ಬಿಡದಿದ್ದರೆ ಕಾಸುವಾಗ ಸಂದು ಸಿಡಿಯುತ್ತದೆ. ಹಿಂಬದಿಯಲ್ಲಿ ಆ ತೂತು ಹುಡುಕಿ, ಸಾಮಾನ್ಯವಾಗಿ ಇರುತ್ತದೆ.

ಈ ವಿದ್ಯೆಯ ತುತ್ತತುದಿ ನೋಡಬೇಕೆಂದರೆ ಡಿಂಗ್‌ಲಿಂಗ್ ಗೋರಿಯ (ಬೀಜಿಂಗ್ ಬಳಿ) ಮಿಂಗ್ ವಂಶದ ವಾನ್ಲಿ ಚಕ್ರವರ್ತಿಯ ಚಿನ್ನದ ತಂತಿ ಕಿರೀಟ. 0.2 ಮಿ.ಮೀ. ದಪ್ಪದ 518 ಎಳೆ, ಎತ್ತರ 24 ಸೆಂ.ಮೀ., ತೂಕ 826 ಗ್ರಾಂ. ಗಂಡಸಿನ ಕಿರೀಟವಾದರೂ ತಂತಿ ಕೆಲಸ ಅದೇ. ಮೇಲಿನ ಡ್ರ್ಯಾಗನ್‌ಗಳು ಬೆಸೆದವು, ಕೆಳಗಿನ ಜಾಲರಿ ಹೆಣೆದದ್ದು. ಎರಡನ್ನೂ ಒಂದೇ ಬಗೆಯ ಗೆರೆಯಲ್ಲಿ ಬರೆದರೆ ತಪ್ಪು.

ರೇಖೆಬಣ್ಣ:

ಹಲ್ಲುಹಲ್ಲು ಗೆರೆಯ ವಿಷಯ ತುಂಬ ಉಪಯೋಗಕ್ಕೆ ಬಂತು. ಇನ್ನೆರಡು ಕೇಳುವುದಿದೆ. ಬೂಯಾವ್ ಅಂದರೆ ಜಾಲತಾಣಗಳಲ್ಲಿ ಎಲ್ಲ ಕಾಲಕ್ಕೂ ಒಂದೇ ಚಿತ್ರ: ಫೀನಿಕ್ಸ್ ಕೊಕ್ಕಿನಿಂದ ಮುತ್ತಿನ ಸರ ಇಳಿಬಿದ್ದಿರುತ್ತದೆ. ಹಾನ್ ಕಾಲದ್ದಕ್ಕೂ (ಕ್ರಿ.ಪೂ. 206–ಕ್ರಿ.ಶ. 220) ಹಾಗೇ ಬರೆಯಬಹುದೇ? ಮತ್ತೆ, ಚಿನ್ನದ ಜೊತೆ ಕಾಣುವ ಆ ಹೊಳೆಯುವ ನೀಲಿ ಎನಾಮಲ್ಲೋ, ಕಲ್ಲೋ?

ಉತ್ತರ 3: ಎಲೆನಡುಕ

ಹಾನ್‌ಗೆ ಹಾಗೆ ಬರೆಯಬೇಡಿ.

ಹಾನ್ ಸಾಮ್ರಾಜ್ಞಿಯ ಬೂಯಾವ್ ಹೇಗಿತ್ತೆಂದು ಆ ವಂಶದ ಇತಿಹಾಸ ಗ್ರಂಥದ ರಥ-ಉಡುಪುಗಳ ಅಧ್ಯಾಯದಲ್ಲಿ ವಿವರವಾಗಿಯೇ ಇದೆ. ಹಣೆಯ ಮೇಲ್ಗಡೆ ಬೆಟ್ಟದ ಆಕಾರದ ಚಿನ್ನದ ಪೀಠ, ಅದರಿಂದ ಎದ್ದು ಒಂದಕ್ಕೊಂದು ಹೆಣೆದುಕೊಂಡ ಕೊಂಬೆಗಳ ಹಾಗೆ ಪೋಣಿಸಿದ ಬಿಳಿ ಮುತ್ತು, ಒಂದು ಹಕ್ಕಿ, ಒಂಬತ್ತು ಹೂವು, ಕರಡಿ ಹುಲಿ ಮೊದಲಾದ ಆರು ಮೃಗ. ಅಂದರೆ ಅದು ಕೆಳಕ್ಕೆ ಇಳಿಬೀಳುವ ಸರವಲ್ಲ, ಮೇಲಕ್ಕೆ ನಿಂತ ಪುಟ್ಟ ಮರ.

ಮರದಂಥ ಬೂಯಾವ್ ಕಣ್ಣಾರೆ ನೋಡಲು ಲಿಯಾವೋನಿಂಗ್ ಪ್ರಾಂತ್ಯದ ಬೇಪ್ಯಾವ್ ಕಡೆಯ ವಸ್ತುಗಳನ್ನು ನೋಡಿ. ಫಾಂಗ್‌ಶೆನ್ ಹಳ್ಳಿಯ ಗೋರಿಯಲ್ಲಿ ಸಿಕ್ಕದ್ದು ಜಾಲರಿ ಕೊರೆದ ಚಿನ್ನದ ಹಲಗೆಯ ಮೇಲೆ ಕವಲೊಡೆದ ಮರ. ಹಲಗೆಯ ಅಂಚಿನಲ್ಲಿ ಟೋಪಿಗೆ ಹೊಲಿಯಲು ತೂತುಗಳಿವೆ. ಉತ್ತರ ಯಾನ್ ರಾಜ್ಯದ ಅರಸು ಮನೆತನದ ಫೆಂಗ್ ಸುಫು 415ರಲ್ಲಿ ಸತ್ತವನು. ಅವನ ಗೋರಿಯನ್ನು 1965ರಲ್ಲಿ ತೆಗೆದಾಗ ಸಿಕ್ಕ ಕಿರೀಟದ ಭಾಗದಲ್ಲಿ ಆರು ಕೊಂಬೆ, ಒಂದೊಂದರಲ್ಲಿ ತಂತಿಯ ಮೂರು ಪುಟ್ಟ ಬಳೆ, ಒಂದೊಂದು ಬಳೆಗೆ ಒಂದು ಚಿನ್ನದ ಎಲೆ. ಇದು ಗಂಡಸಿನ ಗೋರಿ ಅನ್ನುವುದನ್ನು ಮರೆಯಬೇಡಿ. ಉತ್ತರದ ಅಲೆಮಾರಿ ಮೂಲದ ಷ್ಯಾನ್‌ಬೇ ಜನರಲ್ಲಿ ಬೂಯಾವ್ ಹೆಂಗಸರ ಸೊತ್ತು ಮಾತ್ರವಾಗಿರಲಿಲ್ಲ. ಎಲೆ ತೂಗುವ ಚಿನ್ನದ ಮರ ಚೀನಾದಾಚೆಗೂ ಇದೆ. ಅಫ್ಘಾನಿಸ್ತಾನದ ತಿಲ್ಯಾ ತೆಪೆಯ ಕಿರೀಟ ಇವಕ್ಕಿಂತ ಹಳೆಯದು. ಹುಲ್ಲುಗಾವಲಿನ ದಾರಿಯಲ್ಲಿ ಈ ಕಲ್ಪನೆ ಪೂರ್ವಕ್ಕೆ ಬಂದಿತೆನ್ನುವ ವಾದ ನನಗೆ ಒಪ್ಪಿಗೆ.

ಕುಸುರಿಯ ಮಾತು: ಎಲೆ ನಡುಗಬೇಕಾದರೆ ಎಲೆಯ ತೂತು ಬಳೆಯ ತಂತಿಗಿಂತ ಸಾಕಷ್ಟು ದೊಡ್ಡದಿರಬೇಕು. ಬಿಗಿಯಾದರೆ ಎಲೆ ಅಂಟಿಕೊಂಡು ನಿಲ್ಲುತ್ತದೆ. ತೂತು ಅಂಚಿಗೆ ತೀರಾ ಹತ್ತಿರವಾದರೆ ಸವೆದು ಹರಿದು ಎಲೆ ಉದುರುತ್ತದೆ. ಗೋರಿಯಲ್ಲಿ ಸಿಕ್ಕವುಗಳಲ್ಲಿ ಎಲೆ ಕಳೆದುಕೊಂಡ ಬಳೆಗಳೇನೂ ಅಪರೂಪವಲ್ಲ.

ಕೊಕ್ಕಿನಿಂದ ಸರ ಇಳಿಯುವ ಬಗೆ ಟಾಂಗ್ ಚಿತ್ರಗಳಿಂದ ಈಚೆಗೆ ನಿಮಗೆ ಸಲ್ಲುತ್ತದೆ, ಮಿಂಗ್‌ನಲ್ಲಂತೂ ಧಾರಾಳ. ನಡುವೆ ಸುಯಿ ಕಾಲಕ್ಕೆ (581–618) ಒಂದು ಅಪರೂಪದ ಸಾಕ್ಷಿ ಇದೆ: 608ರಲ್ಲಿ ತೀರಿಕೊಂಡ ಒಂಬತ್ತು ವರ್ಷದ ಹುಡುಗಿ ಲಿ ಜಿಂಗ್ಶುನ್‌ಳ ಗೋರಿ, ಶಿಯಾನ್‌ನಲ್ಲಿ 1957ರಲ್ಲಿ ತೆಗೆದದ್ದು. ಅವಳ ತಲೆಯ ಒಡವೆಯಲ್ಲಿ ತಂತಿಯ ಮೇಲೆ ನಿಂತ ಹೂವುಗಳ ಗೊಂಚಲು, ನಡುವೆ ಹಾರುವ ಪತಂಗ. ಎಳೆಯ ಮಗುವಿನ ತಲೆ ಚಿತ್ರಿಸುವುದಿದ್ದರೆ ಅದನ್ನೇ ನೋಡಿ.

ಉತ್ತರ 4: ನೀಲಿಗರಿ

ನೀಲಿ ಬಹುಪಾಲು ಮಿಂಚುಳ್ಳಿಯ ಗರಿ. ಈ ಕೆಲಸಕ್ಕೆ ಡ್ಯೆನ್‌ತ್ಸುಯ್ ಎನ್ನುತ್ತಾರೆ. ಚಿನ್ನ ಅಥವಾ ಚಿನ್ನದ ನೀರು ಕೊಟ್ಟ ಬೆಳ್ಳಿಯ ತಳದ ಮೇಲೆ ಆಕಾರದ ಅಂಚಿಗೆ ತಂತಿ ಬೆಸೆದು ಆಳವಿಲ್ಲದ ಗೂಡು ಮಾಡುತ್ತಾರೆ. ಗರಿಯನ್ನು ಆ ಗೂಡಿನ ಅಳತೆಗೆ ಕತ್ತರಿಸಿ ಪ್ರಾಣಿಜನ್ಯ ಅಂಟಿನಲ್ಲಿ ಕೂರಿಸುತ್ತಾರೆ. ಅಂಟು ಹೆಚ್ಚಾಗಿ ಗರಿಯ ಎಳೆಗಳ ನಡುವಿನಿಂದ ಮೇಲೆ ಬಂದರೆ ಹೊಳಪು ಸತ್ತಂತೆ. ಕಡಿಮೆಯಾದರೆ ಅಂಚು ಮೇಲೇಳುತ್ತದೆ.

ಗುರುತಿಸುವುದು ಸುಲಭ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ಮಲಗಿದ ಸಣ್ಣ ಎಳೆಗಳು ಕಂಡರೆ ಗರಿ. ಗಾಜಿನಂತೆ ನುಣುಪಾಗಿ, ಅಲ್ಲಲ್ಲಿ ಗುಳ್ಳೆಯ ಕುಳಿ ಇದ್ದರೆ ಎನಾಮಲ್. ಗರಿಯ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಒಳರಚನೆ ಬೆಳಕನ್ನು ಚೆದುರಿಸುವುದರಿಂದ ಬಂದದ್ದು. ಅದಕ್ಕೇ ನೋಡುವ ಕೋನ, ಬೆಳಕು ಬದಲಾದಂತೆ ಛಾಯೆ ಬದಲಾಗುತ್ತದೆ. ಒಂದೇ ನೀಲಿ ಬಳಿದರೆ ಚಿತ್ರ ಎನಾಮಲ್‌ನ ಹಾಗೆ ಕಾಣುತ್ತದೆ. ಎಳೆಗಳ ದಿಕ್ಕಿಗೆ ತಿಳಿ-ಗಾಢ ಬೆರೆಸಿ. ಬಣ್ಣ ಮಾಸದಿದ್ದರೂ ಗರಿ ಹುಳು ತಿನ್ನುವ ವಸ್ತು. ಹಳೆಯ ಒಡವೆಗಳಲ್ಲಿ ನೀಲಿ ಹಾರಿಹೋಗಿ ತಂತಿಯ ಗೂಡು ಬರಿದಾಗಿರುವುದು ಅದಕ್ಕೇ.

ಮಾದರಿ ಬೇಕೆಂದರೆ ಡಿಂಗ್‌ಲಿಂಗ್‌ನಲ್ಲಿ ಸಿಕ್ಕ ನಾಲ್ಕು ಫೀನಿಕ್ಸ್ ಕಿರೀಟಗಳಲ್ಲಿ ಒಂದಾದ ಷ್ಯಾವ್‌ದುವಾನ್ ಸಾಮ್ರಾಜ್ಞಿಯ (ವಾನ್ಲಿಯ ಪಟ್ಟದರಸಿ) ಒಂಬತ್ತು ಡ್ರ್ಯಾಗನ್, ಒಂಬತ್ತು ಫೀನಿಕ್ಸ್ ಕಿರೀಟ. ಡ್ರ್ಯಾಗನ್‌ಗಳು ಚಿನ್ನದವು, ಫೀನಿಕ್ಸ್‌ಗಳು ಗರಿಯ ನೀಲಿಯವು. ಒಳಗಿನ ಚೌಕಟ್ಟು ಚಿನ್ನವಲ್ಲ, ಅರಗು ಹಚ್ಚಿದ ಬಿದಿರ ಕಡ್ಡಿಗಳ ಹೆಣಿಗೆ. ಆದರೂ 2320 ಗ್ರಾಂ ತೂಗುತ್ತದೆ. ಕುತ್ತಿಗೆ ನೆಟ್ಟಗೆ ಬರೆಯಿರಿ, ಅಷ್ಟು ಹೊತ್ತವಳು ತಲೆ ಬಾಗಿಸಲಾರಳು.

ಉತ್ತರ 5: ಜೋಡಿಕಾಲು

ಮಿಂಗ್ ಬಾಕಿ ಇತ್ತು.

ಮಿಂಗ್ ಗೃಹಿಣಿಯ ತಲೆಯಲ್ಲಿ ಕಡ್ಡಿಗಳು ನೇರ ಕೂದಲಿಗೆ ಚುಚ್ಚಿದವಲ್ಲ. ತುರುಬಿನ ಮೇಲೆ ಡೀಜಿ ಎಂಬ ಜಾಲರಿ ಗೋಪುರ ಕವುಚುತ್ತಿದ್ದರು: ಚಿನ್ನದ ಅಥವಾ ಬೆಳ್ಳಿಯ ತಂತಿ, ಇಲ್ಲವೆ ಕೂದಲಿನಲ್ಲೇ ಹೆಣೆದದ್ದು. ಎಲ್ಲ ಕಡ್ಡಿಗಳೂ ಅದರ ಕಣ್ಣುಗಳ ಮೂಲಕ ಹಾದು ಒಳಗಿನ ತುರುಬಿಗೆ ಹೋಗುತ್ತವೆ. ಭಾರ ಕೂದಲ ಮೇಲೆ ಒಂದೇ ಕಡೆ ಬೀಳದೆ ಇಡೀ ಗೋಪುರಕ್ಕೆ ಹಂಚಿಹೋಗುತ್ತದೆ. ಇಡೀ ಸೆಟ್ಟಿಗೆ ತೊಮ್ಯೆನ್ ಎನ್ನುತ್ತಾರೆ. ಚಾಂಗ್‌ಝೌ ಮ್ಯೂಸಿಯಂನಲ್ಲಿರುವ ವುಜಿನ್‌ನ ವಾಂಗ್ ಲುವೊ ಮನೆತನದ ಗೋರಿಯ ಸೆಟ್ ನೋಡಿದರೆ ಪೂರ್ತಿ ಅಂದಾಜು ಸಿಗುತ್ತದೆ.

ಜಾಗಗಳು ಹೀಗೆ. ಮುಂದೆ ನಟ್ಟನಡುವೆ ತ್ಯಾವ್‌ಶಿನ್, ಸಾಮಾನ್ಯವಾಗಿ ಬುದ್ಧ, ಫೀನಿಕ್ಸ್ ಇಲ್ಲವೆ ದೊಡ್ಡ ಹೂವು. ಅದರ ಕಾಲು ಹಿಂದಿನಿಂದ ಬಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಗೋಪುರದ ತುದಿಯಲ್ಲಿ ಮೇಲಿಂದ ನೆಟ್ಟಗೆ ಇಳಿಯುವುದು ಡಿಂಗ್‌ಝಾನ್. ಹಣೆಯ ಮೇಲ್ಗಡೆ ಬುಡವನ್ನು ಸುತ್ತುವ ಬಾಗಿದ ಪಟ್ಟಿ ತೊಗು. ಹಿಂದೆ ಬುಡದಲ್ಲಿ ಬೆಟ್ಟದ ಸಾಲಿನಂತೆ ಅಗಲವಾದ ಮಾನ್‌ಗುವಾನ್. ಎರಡು ಕೆನ್ನೆಗೂದಲ ಬಳಿ ಮೋಡದಾಕಾರದ ಯೆನ್‌ಬಿನ್ ಜೋಡಿ, ಅವನ್ನು ಕೆಳಗಿನಿಂದ ಮೇಲಕ್ಕೆ ತಲೆಕೆಳಗಾಗಿ ಚುಚ್ಚುತ್ತಿದ್ದರು. ಉಳಿದ ಸಂದುಗಳಿಗೆ ಮಿಡತೆ, ಚಿಟ್ಟೆ, ಜೇಡದ ಪುಟ್ಟ ಕಡ್ಡಿಗಳು, ಅವೂ ಜೋಡಿ ಜೋಡಿ.

ಹಾಗಾಗಿ ಅಂಗಾತ ಫೋಟೋದಿಂದ ಜಾಗ ಊಹಿಸಲು ಹಿಂಬದಿಯ ಕಾಲಿನ ದಿಕ್ಕು ಹುಡುಕಿ. ಕಾಲು ತಗಡಿಗೆ ಸಮಾನಾಂತರವಾಗಿ ಮೇಲಕ್ಕೆ ಹೋಗಿದ್ದರೆ ಮುಂಭಾಗ ಅಥವಾ ಕೆನ್ನೆ. ತಗಡು ಒಳಕ್ಕೆ ಬಿಲ್ಲಿನಂತೆ ಬಾಗಿದ್ದರೆ ಅದು ಗೋಪುರದ ಬುಡ ಸುತ್ತುವ ತುಂಡು. ಹಲವು ಮ್ಯೂಸಿಯಂ ಕ್ಯಾಟಲಾಗ್‌ಗಳು ಹಿಂಬದಿಯ ಫೋಟೋ ಹಾಕುವುದೇ ಇಲ್ಲ, ಅದು ಬೇಸರದ ಸಂಗತಿ. ಆದರೆ ಪುರಾತತ್ತ್ವ ವರದಿಗಳ ರೇಖಾಚಿತ್ರಗಳಲ್ಲಿ ಪಕ್ಕದ ನೋಟ ಸಾಮಾನ್ಯವಾಗಿ ಇರುತ್ತದೆ.

ಕಲ್ಲುಗಳು: ಮಿಂಗ್‌ನಲ್ಲಿ ಮಾಣಿಕ್ಯ, ನೀಲಗಳಿಗೆ ಪಟ್ಟೆ (ಚಪ್ಪಟೆ ಮುಖಗಳು) ಕೊಯ್ಯುತ್ತಿರಲಿಲ್ಲ. ಸಿಕ್ಕ ಆಕಾರದಲ್ಲೇ ಉಜ್ಜಿ ಹೊಳಪು ಕೊಟ್ಟು, ಆ ಆಕಾರಕ್ಕೆ ತಕ್ಕ ಗೂಡು ಮಾಡಿ, ಅಂಚು ಮಡಚಿ ಅಥವಾ ಉಗುರು ಹಿಡಿಸಿ ಕೂರಿಸುತ್ತಿದ್ದರು. ಹುಬೇಯ ಝೊಂಗ್‌ಶಿಯಾಂಗ್‌ನಲ್ಲಿ 2001ರಲ್ಲಿ ತೆಗೆದ ಲಿಯಾಂಗ್ ರಾಜಕುಮಾರ ಝುವಾಂಗ್‌ನ ಗೋರಿಯ ಒಡವೆಗಳಲ್ಲಿ ಒಂದು ಗೂಡಿನಂತೆ ಇನ್ನೊಂದಿಲ್ಲ. ಅದೇ ಗೋರಿಯಲ್ಲಿ 1419ರಲ್ಲಿ ಪಶ್ಚಿಮ ಸಾಗರದ ನಾಡುಗಳಲ್ಲಿ ಕೊಂಡದ್ದೆಂದು ಕೊರೆದ 50 ಲಿಯಾಂಗ್‌ನ ಚಿನ್ನದ ಗಟ್ಟಿಯೂ ಇದೆ; ಮಿಂಗ್ ನೌಕಾಧಿಪತಿ ಝೆಂಗ್ ಹೆಯ ಹಡಗುಗಳ ಕಾಲ. ಚಿತ್ರದಲ್ಲಿ ಪಟ್ಟೆ ಕೊಯ್ದು ಮಿಂಚುವ ಕಲ್ಲು ಹಾಕಿದರೆ ಅಲ್ಲಿಗೆ ಕಾಲ ತಪ್ಪಿತು.

ಬೆಸುಗೆಪುಡಿ:

ಒಂದು ಸೇರಿಸುತ್ತೇನೆ. ಹರಾಜಿನ ಫೋಟೋಗಳಿಂದ ಬರೆಯಬೇಡಿ, ನಕಲು ಧಾರಾಳ. ಎರಕ ಹೊಯ್ದ ನಕಲಿನಲ್ಲಿ ಹುರಿಯ ಹಲ್ಲು ಮೊಂಡಾಗಿರುತ್ತದೆ, ತಂತಿ ತಳದಿಂದ ಬೇರೆಯಾಗಿ ಏಳುವುದೇ ಇಲ್ಲ, ಸಂದಿನಲ್ಲಿ ಬೆಸುಗೆಯ ಕುರುಹಿರುವುದಿಲ್ಲ. ಹಳೆಯ ಕಾಲದ ತಂತಿಗಳಲ್ಲಿ ಎಳೆದದ್ದಕ್ಕಿಂತ ಪಟ್ಟಿಯನ್ನು ತಿರುಚಿ ಮಾಡಿದ್ದೂ ಉಂಟು. ಅಂಥವುಗಳ ಮೇಲೆ ಸುತ್ತಿಹೋಗುವ ಸಣ್ಣ ಸೀಳುಗೆರೆ ಕಾಣುತ್ತದೆ, ತೂತುಪಟ್ಟಿಯಲ್ಲಿ ಎಳೆದ ತಂತಿಯ ಮೇಲೆ ಉದ್ದುದ್ದ ಗೀರು. ಟಾಂಗ್‌ಗಿಂತ ಹಿಂದಿನದೆಂದು ಹೇಳುವ ಒಡವೆಯಲ್ಲಿ ಎಲ್ಲ ತಂತಿಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ದಪ್ಪ ಇದ್ದರೆ, ಅದನ್ನು ಪಕ್ಕಕ್ಕಿಟ್ಟು ಉತ್ಖನನದ ದಾಖಲೆ ಇರುವ ಇನ್ನೊಂದನ್ನು ಹುಡುಕಿ.